ಮಾರು ಗೆದ್ದು ಮನೆ ಗೆದ್ದವಳು

ಆಷಾಢದ ಮಳೆ ಬಿಡದೆ ಹೊಯ್ಯುತ್ತಿದ್ದ ಮಧ್ಯಾಹ್ನ. ತಲ್ಲೂರಿನ ನಮ್ಮ ಹಳೆಮನೆಯ ಜಗಲಿಯಲ್ಲಿ ಅಕ್ಕನ ಮಗಳು ಪತ್ರೊಡೆಗೆಂದು ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದಳು. ನೆದರ್ಲೆಂಡ್ಸಿನಿಂದ ಬಂದು ನಾಲ್ಕು ದಿನವಾಗಿತ್ತಷ್ಟೆ. ನೆರಮನೆಯ ಅತ್ತೆಯೊಬ್ಬರು ಕೊಡೆ ಮಡಚಿಟ್ಟು ಒಳಗೆ ಬಂದರು. ಕ್ಷೇಮಸಮಾಚಾರ ಮುಗಿಯುತ್ತಿದ್ದಂತೆ ಕೇಳಿಯೇಬಿಟ್ಟರು: "ಹೌದಾ ಹೆಣೆ, ಬೆಂಗ್ಳೂರಂಗೆ ಅಷ್ಟ್ ಒಳ್ಳೆ ಕೆಲ್ಸ ಇದ್ದಿತ್ತಲೆ. ಈಗ ಎಲ್ಲ ಬಿಟ್ಟ್ ಮನೆಯಂಗೇ ಕೂಕಂಡಿದ್ಯಾ?" ಅವಳು ಎಲೆಯಿಂದ ಕಣ್ಣೆತ್ತದೆ ಹೇಳಿದಳು: "ಕೂಕಂಬುಕೆ ಪುರ್ಸೊತ್ತ್ ಎಲ್ಲಿತ್ತ್ ಅತ್ತೆ?"

ಅತ್ತೆ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಾವೆಲ್ಲ ಹಾಗೇ ಮಾತಾಡುತ್ತೇವೆ. ಸಂಬಳದ ಕೆಲಸ ಬಿಟ್ಟ ಹೆಣ್ಣು ಮನೆಯಲ್ಲಿ 'ಕೂರುತ್ತಾಳೆ'. ಬೆಳಿಗ್ಗೆ ಐದಕ್ಕೆ ಎದ್ದವಳು ರಾತ್ರಿ ಹತ್ತರವರೆಗೆ ನಿಂತೇ ಇದ್ದರೂ ಆಡುವ ಮಾತಿನಲ್ಲಿ ಅವಳು ಕೂತವಳೇ. ಆದರೆ ನಮ್ಮ ಹಿರಿಯರ ಗಾದೆಯೊಂದು ಮನೆಯ ಪಕ್ಕದಲ್ಲಿ ಬೇರೆಯೇ ಕ್ರಿಯಾಪದವನ್ನು ಇಟ್ಟಿದೆ. ಮನೆ ಗೆದ್ದು ಮಾರು ಗೆಲ್ಲು. ಮನೆಯಲ್ಲಿ ಇರು ಎನ್ನಲಿಲ್ಲ, ಮನೆ ನೋಡಿಕೋ ಎಂದೂ ಹೇಳಲಿಲ್ಲ. ಗೆಲ್ಲು ಎಂದರು. ಗೆಲ್ಲಬೇಕಾದರೆ ಅದು ಮೊದಲೇ ಕೈಯಲ್ಲಿ ಇಲ್ಲದ ವಸ್ತುವಾಗಿರಬೇಕು. ಈ ಗಾದೆಯನ್ನು ನೂರು ಸಲ ಕೇಳಿದ್ದ ನನಗೆ ಅಂದು ಜಗಲಿಯಲ್ಲಿ ಆ ಒಂದು ಪದ ಹೊಸದಾಗಿ ಕಂಡಿತು.

ಮಾರು ಎಂದರೇನು? ಗಂಗೊಳ್ಳಿಯ ಮೀನುಗಾರರನ್ನು ಕೇಳಿದರೆ ಎರಡು ತೋಳು ಚಾಚಿ ತೋರಿಸುತ್ತಾರೆ. ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ನೀರಿನ ಆಳಕ್ಕೂ ಹಗ್ಗದ ಉದ್ದಕ್ಕೂ ಅದೇ ಅಳತೆ. ಸಂತೆಯಲ್ಲಿ ಮಾರು ಎಂದರೆ ದುಡ್ಡಿಗೆ ಕೊಡು. 'ಮನೆಮಾರು' ಎನ್ನುವಾಗ ಮನೆಯ ಜೊತೆಗಿನ ಆಸ್ತಿಪಾಸ್ತಿ. ಗಾದೆಯಲ್ಲಿ ಮಾತ್ರ ಅದನ್ನು ಹೊರಗಿನ ಲೋಕ ಎಂದು ತಿಳಿಯುವುದು ವಾಡಿಕೆ. ನನಗೆ ಮೀನುಗಾರರ ಅರ್ಥವೇ ಹಿಡಿಸುತ್ತದೆ. ಹೊಸ್ತಿಲಾಚೆ ನಿಂತು ತೋಳು ಚಾಚಿದರೆ ಸಿಗುವಷ್ಟು ಜಾಗ, ಅದು ಮೊದಲ ಮಾರು. ಅದರಾಚೆ ಇನ್ನೊಂದು. ಲೋಕ ಯಾರಿಗೂ ಒಟ್ಟಿಗೆ ಸಿಗುವುದಿಲ್ಲ, ಮಾರು ಮಾರಾಗಿ ಸಿಗುತ್ತದೆ.

ಈ ಗಾದೆಯನ್ನು ಹೆಣ್ಣುಮಕ್ಕಳ ಕಾಲಿಗೆ ಹಗ್ಗವಾಗಿ ಕಟ್ಟಿದವರೂ ಇದ್ದಾರೆ, ಅದನ್ನು ಮುಚ್ಚಿಡುವುದು ಬೇಡ. ಮೊದಲು ಅಡುಗೆ ಕಲಿ, ಆಮೇಲೆ ಕಾಲೇಜು ಎಂದವರು ಇದನ್ನೇ ಹೇಳಿದ್ದರು. ಆದರೆ ನಮ್ಮ ಕುಂದಾಪುರ ಸೀಮೆಯ ಮಟ್ಟಿಗೆ ಆ ಅರ್ಥ ಅಷ್ಟು ಸಲೀಸಾಗಿ ಕೂಡುವುದಿಲ್ಲ. ಇಲ್ಲಿನ ನಾಡವರು, ಬಂಟರು, ಮೊಗವೀರರು, ಬಿಲ್ಲವರು ತಲೆಮಾರುಗಟ್ಟಲೆ ನಡೆಸಿಕೊಂಡು ಬಂದದ್ದು ಅಳಿಯಕಟ್ಟು. ಕುಟುಂಬ ಸಾಗುತ್ತಿದ್ದದ್ದು ತಾಯಿಯ ಕಡೆಯಿಂದ, ಆಸ್ತಿ ಇಳಿಯುತ್ತಿದ್ದದ್ದು ಹೆಣ್ಣಿನ ಸಂತಾನಕ್ಕೆ. ಮನೆಯ ಹಿರಿಯಳು ಯಜಮಾನಿಕೆ ನಡೆಸಿದ ಕುಟುಂಬಗಳೂ ಇದ್ದವು. ಮದರಾಸು ಸರ್ಕಾರ 1949ರಲ್ಲಿ ಅಳಿಯಸಂತಾನ ಕಾಯಿದೆ ತಂದಿತು, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು, ಹಳೆಯ ಕಟ್ಟು ಸಡಿಲಾಯಿತು. ಆದರೂ 'ಕುಟುಂಬದ ಮನೆ' ಎಂದರೆ ಅಜ್ಜಿಯ ಮನೆ ಎಂಬ ತಿಳಿವಳಿಕೆ ಇಲ್ಲಿನವರ ರಕ್ತದಲ್ಲಿ ಇನ್ನೂ ಇದೆ. ಹೆಣ್ಣಿಗೆ ಮನೆ ಎಂದರೆ ಬಿದ್ದುಕೊಳ್ಳುವ ಮೂಲೆಯಲ್ಲ, ಆಳುವ ಸೀಮೆ ಎಂದು ಬಲ್ಲ ನೆಲ ಇದು.

ಹೊರಗಿನ ಮಾರನ್ನು ಗೆಲ್ಲಲು ಹೋದವರು ಗಂಡಸರು. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಸಣ್ಣ ಕಾಫಿ ಕ್ಲಬ್ಬೇ ಮುಂದೆ ಎಂಟಿಆರ್ ಆಯಿತು. ಅವರ ಹಾಗೆ ಸಾವಿರಾರು ಮಂದಿ ಹೊರಟರು. ಮುಂಬೈ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು ಕನ್ನಡದ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರಲ್ಲಿ ನಮ್ಮ ಸೀಮೆಯವರು ಎಷ್ಟೋ. ಇನ್ನು ಊರಲ್ಲೇ ಇದ್ದು ರಾತ್ರಿಯನ್ನು ಆಳಿದವರು ಯಕ್ಷಗಾನದವರು. ದೀಪಾವಳಿ ಕಳೆದು ಮಂದಾರ್ತಿ, ಮಾರಣಕಟ್ಟೆಯ ಮೇಳಗಳು ತಿರುಗಾಟಕ್ಕೆ ಹೊರಟರೆ ಮಳೆಗಾಲ ಹತ್ತಿರವಾಗುವವರೆಗೆ ಇವತ್ತೊಂದು ಊರು, ನಾಳೆ ಇನ್ನೊಂದು. ರಾತ್ರಿಯಿಡೀ ದೇವೇಂದ್ರನ ಒಡ್ಡೋಲಗ, ಬೆಳಗಿನ ಜಾವಕ್ಕೆ ಮಂಗಳ, ಹಗಲು ನಿದ್ದೆ. ನಮ್ಮ ಸೀಮೆಗೆ ರಾತ್ರಿಯ ಬದುಕು ಪೇಟೆಯಿಂದ ಬಂದ ಹೊಸ ಸಂಗತಿಯೇನಲ್ಲ.

ಆ ಆರು ತಿಂಗಳು ಮನೆಯನ್ನು ಹಿಡಿದು ನಿಲ್ಲಿಸಿದವರು ಯಾರು? ದನಕ್ಕೆ ಹುಲ್ಲು, ಗದ್ದೆಗೆ ಆಳು, ಮಗುವಿನ ಜ್ವರ, ಸೊಸೈಟಿ ಸಾಲದ ಕಂತು, ಎಲ್ಲ ನಿಭಾಯಿಸಿದವರು ಯಾರು? ಕೋಟದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಓದಿದವರಿಗೆ ಉತ್ತರ ಗೊತ್ತು; ಮೂರು ತಲೆಮಾರಿನ ಆ ಮನೆ ನಿಂತದ್ದು ಪಾರೋತಿ, ಸರಸೋತಿ, ನಾಗವೇಣಿಯರ ಮೇಲೆ. ನಮ್ಮ ಹಿಂದಿನವರು ಒಂದು ಗಾದೆಯನ್ನು ಇಬ್ಬರಿಗೆ ಪಾಲು ಮಾಡಿದ್ದರು. ಅವಳು ಮನೆ ಗೆದ್ದಳು, ಅವನು ಮಾರು ಗೆದ್ದ. ಹೆಸರು ಮಾತ್ರ ಅವನ ಪಾಲಿಗೆ ಹೋಯಿತು.

ಅಕ್ಕನ ಮಗಳ ವಿಷಯದಲ್ಲಿ ಈ ಗಾದೆ ತಿರುಗಿ ನಿಂತಿದೆ. ಅವಳು ಮೊದಲು ಗೆದ್ದದ್ದು ಮಾರನ್ನು. ತಲ್ಲೂರು ಪೇಟೆಯಲ್ಲಿ ಸಂಜೆಯ ಬೆಂಗಳೂರು ಬಸ್ಸಿಗೆ ಒಂದು ಸೂಟ್‌ಕೇಸ್ ಹಿಡಿದು ನಿಂತಾಗ ಅವಳಿಗೆ ಇಪ್ಪತ್ತೆರಡು. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು ಎಂಬ ಕಟ್ಟಿನಲ್ಲಿ ಬೆಳೆದವಳು ಹತ್ತು ವರ್ಷ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದಳು, ಹನ್ನೆರಡು ಜನರ ತಂಡ ನಡೆಸಿದಳು. ಅಮೆರಿಕದವರ ಜೊತೆಗಿನ ಮೀಟಿಂಗು ಮುಗಿಯುವಾಗ ರಾತ್ರಿ ಹನ್ನೊಂದು. ಶುಕ್ರವಾರ ಚರ್ಚ್ ಸ್ಟ್ರೀಟು, ಇಂದಿರಾನಗರ, ಗೆಳತಿಯರು, ಹಾಡು, ಕುಣಿತ, ಒಂದು ಗಂಟೆಗೆ ಅಂಗಡಿ ಮುಚ್ಚಿದ ಮೇಲೂ ಬೀದಿಬದಿಯ ಚಹಾ. ಅಕ್ಕನಿಗೆ ಇದೆಲ್ಲ ಅರೆಬರೆ ಗೊತ್ತಿತ್ತು, ನನಗೆ ಪೂರ್ತಿ ಗೊತ್ತಿತ್ತು. ನಾನು ಒಮ್ಮೆಯೂ ಬೇಡ ಅನ್ನಲಿಲ್ಲ. ನನ್ನ ವಯಸ್ಸಿನ ಹೆಂಗಸರು ರಾತ್ರಿ ಹತ್ತರ ಮೇಲಿನ ಬೀದಿಯನ್ನು ನೋಡಿದ್ದು ಯಕ್ಷಗಾನದ ಆಟಕ್ಕೆ ಹೋದಾಗ ಮಾತ್ರ, ಅದೂ ಗಂಡಸರ ಹಿಂದೆ. ಇವಳು ಆ ಬೀದಿಯಲ್ಲಿ ತನ್ನಷ್ಟಕ್ಕೆ ನಡೆದಳು. ಅದು ಅವಳು ದುಡಿದು ಪಡೆದ ಗೆಲುವು. ಅದನ್ನು ಕೆಟ್ಟ ಚಟ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಆಮೇಲೆ ಮದುವೆ, ಮಗು, ಗಂಡನಿಗೆ ವೆಲ್ಡ್‌ಹೋವನ್‌ನಲ್ಲಿ ಕೆಲಸ. ಐಂಡ್‌ಹೋವನ್ ನಗರಕ್ಕೆ ತಾಗಿಕೊಂಡಿರುವ ಸಣ್ಣ ಊರು ಅದು. ಚಿಪ್ ತಯಾರಿಕೆಗೆ ಬೇಕಾಗುವ ದೊಡ್ಡ ಯಂತ್ರಗಳನ್ನು ಮಾಡುವ ಎಎಸ್‌ಎಂಎಲ್ ಕಂಪನಿಯ ಮುಖ್ಯ ಕಚೇರಿ ಅಲ್ಲಿದೆ, ಆ ಕಾರಣಕ್ಕೆ ನಮ್ಮವರೂ ಸಾಕಷ್ಟಿದ್ದಾರೆ. ಕೆಲಸ ಬಿಡುವ ತೀರ್ಮಾನ ಅವಳದ್ದೇ. ಮಗು ನಿದ್ದೆಯಿಂದ ಎದ್ದಾಗ ನಾನಿರಬೇಕು, ಒಂದಷ್ಟು ವರ್ಷ ಹಾಗೆ ಬದುಕಿ ನೋಡುತ್ತೇನೆ ಎಂದಳು. ಅದನ್ನು ಕೇಳಿ ನಾನು ಅತ್ತದ್ದು ನಿಜ.

ಮೊದಲ ಚಳಿಗಾಲ ಅವಳನ್ನು ಹಣ್ಣು ಮಾಡಿತು. ಡಿಸೆಂಬರಿನಲ್ಲಿ ಅಲ್ಲಿ ಬೆಳಕು ಹರಿಯುವಾಗ ಎಂಟೂವರೆ, ಸೂರ್ಯ ಮುಳುಗುವಾಗ ಸಂಜೆ ನಾಲ್ಕೂವರೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಬೀದಿಗೆ ಮುಖ ಮಾಡಿದ ದೊಡ್ಡ ಗಾಜಿನ ಕಿಟಕಿಗೆ ಅಲ್ಲಿನವರು ಪರದೆ ಎಳೆಯುವುದು ಕಡಿಮೆ. ಎದುರು ಮನೆಯವರು ಊಟ ಮಾಡುವುದು ಇವಳಿಗೆ ಕಾಣುತ್ತದೆ, ಇವಳು ಒಬ್ಬಳೇ ಕಿಟಕಿಯ ಬಳಿ ನಿಂತದ್ದು ಅವರಿಗೆ ಕಾಣುತ್ತದೆ, ಮಾತು ಮಾತ್ರ ಇಲ್ಲ. "ಚಿಕ್ಕಮ್ಮ, ಈ ಮನೆ ನಂದಲ್ಲ ಅಂತ ಅನ್ನಿಸ್ತತ್ತ್" ಎಂದು ಫೋನಿನಲ್ಲಿ ಹೇಳಿದ್ದಳು. ಗಾದೆಯ 'ಗೆಲ್ಲು' ಎಂಬ ಪದದ ಭಾರ ತಿಳಿಯಬೇಕಾದರೆ ಇಂಥ ಮನೆಯಲ್ಲಿ ಇರಬೇಕು. ತಲ್ಲೂರಿನ ಮನೆ ಅವಳಿಗೆ ಹುಟ್ಟಿನಿಂದ ಬಂದದ್ದು, ಅಜ್ಜಿ ಗೆದ್ದಿಟ್ಟದ್ದು. ಅಲ್ಲಿಯ ಮನೆಯನ್ನು ಯಾರೂ ಗೆದ್ದಿಟ್ಟಿರಲಿಲ್ಲ.

ಗೆಲುವು ಶುರುವಾದದ್ದು ಒಣಮೆಣಸಿನಿಂದ. ಊರಿನಿಂದ ಒಯ್ದ ಕುಂದಾಪುರದ ಮಸಾಲೆ ಪುಡಿ ಮುಗಿದಿತ್ತು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು ಎಲ್ಲ ಹೊಂದಿಸಿಕೊಂಡು ಹುರಿಯಲು ಇಟ್ಟಳು. ಅಲ್ಲಿ 2022ರ ಜುಲೈ 1ರಿಂದ ಪ್ರತಿ ಮನೆಯ ಪ್ರತಿ ಅಂತಸ್ತಿನಲ್ಲೂ ಹೊಗೆ ಕಂಡರೆ ಕೂಗುವ ಗಂಟೆ ಇರಲೇಬೇಕೆಂದು ಕಾನೂನಿದೆ. ಮೆಣಸು ಕಮ್ಮಗಾಗುವ ಮೊದಲೇ ಗಂಟೆ ಹೊಡೆದುಕೊಂಡಿತು, ಮಗು ಬೆಚ್ಚಿ ಅತ್ತಿತು. ಮರುದಿನ ಸಣ್ಣ ಗ್ಯಾಸ್ ಒಲೆ, ಬಾಣಲೆ ಹಿಡಿದು ಹಿತ್ತಲಿಗೆ ಹೋದಳು. ಘಾಟು ಬೇಲಿ ದಾಟಿತು. ಪಕ್ಕದ ಮನೆಯ ವೃದ್ಧೆ ಕೆಮ್ಮುತ್ತಾ ಬೇಲಿಯ ಹತ್ತಿರ ಬಂದರು. ಇವಳು ಹೆದರಿ ಕ್ಷಮೆ ಕೇಳಿದಳು, ಒಂದು ಚಿಟಿಕೆ ಪುಡಿಯನ್ನು ಅಂಗೈಗೆ ಹಾಕಿ ಮೂಸಲು ಕೊಟ್ಟಳು. ಮುಂದಿನ ವಾರ ಆ ಅಜ್ಜಿ ತಾವೇ ಮಾಡಿದ ಸೇಬಿನ ಕೇಕು ತಂದರು. ಈಗ ಪ್ರತಿ ಬುಧವಾರ ಇವಳಿಗೆ ಡಚ್ ಮಾತು ಕಲಿಸುವವರು ಅವರೇ. ಹಿತ್ತಲ ಬೇಲಿಯವರೆಗೆ ಒಂದು ಮಾರು ಗೆದ್ದಂತಾಯಿತು.

ಇನ್ನೊಂದು ಸಂಗತಿ ದುಡ್ಡಿನದು. ಹತ್ತು ವರ್ಷ ತಿಂಗಳ ಕೊನೆಗೆ ಸಂಬಳ ಎಣಿಸಿಕೊಂಡವಳು ಸೈಕಲ್ ಬೇಕೆಂದು ಗಂಡನನ್ನು ಕೇಳಲು ಎರಡು ವಾರ ಹಿಂದೆಮುಂದೆ ನೋಡಿದಳಂತೆ. ಅವನು ಒಳ್ಳೆಯವನೇ. ಆದರೂ ಕೈಚಾಚುವುದು ಕೈಚಾಚುವುದೇ. ಕೊನೆಗೆ ತನ್ನ ಪಿಎಫ್ ದುಡ್ಡಿನಲ್ಲಿ ಹಳೆಯ ಸೈಕಲ್ಲೊಂದನ್ನು ಕೊಂಡಳು, ಗಂಡನನ್ನು ಎದುರು ಕೂರಿಸಿ ಮಾತಾಡಿದಳು. ಅಂದಿನಿಂದ ಸಂಬಳದ ದಿನ ಅರ್ಧ ಹಣ ಅವಳ ಖಾತೆಗೆ, ಕೇಳದೆಯೇ, ಬರುತ್ತದೆ. ಮನೆ ಗೆದ್ದದ್ದು ಎಂದು ನಾನು ಲೆಕ್ಕ ಹಾಕುವುದು ಆ ದಿನದಿಂದ.

ಮನೆಯನ್ನು ತಾವೇ ಆರಿಸಿಕೊಳ್ಳುವ ಅವಕಾಶ ಎಲ್ಲರಿಗೂ ಇಲ್ಲ. ಅವಳ ವಾಸದ ಕಾರ್ಡಿನಲ್ಲಿ ಕೆಲಸ ಮಾಡಲು ಯಾವ ಅಡ್ಡಿಯೂ ಇಲ್ಲವೆಂದು ಬರೆದಿದೆ. ಅವಳು ಮನೆಯಲ್ಲಿರುವುದು ತನ್ನ ಇಚ್ಛೆಯಿಂದ, ನಾಳೆ ಬೇಡವೆನಿಸಿದರೆ ಹೊರಗೆ ಕಾಲಿಡಬಹುದು. ಅಮೆರಿಕಕ್ಕೆ ಎಚ್-4 ವೀಸಾದಲ್ಲಿ ಹೋದ ಹೆಂಡಂದಿರಿಗೆ 2015ರ ಮೇ ತಿಂಗಳವರೆಗೆ ದುಡಿಯುವ ಹಕ್ಕೇ ಇರಲಿಲ್ಲ. ಆಮೇಲೂ ಅದು ಸಿಕ್ಕಿದ್ದು ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರಿಗೆ ಮಾತ್ರ. ಎಂಜಿನಿಯರಿಂಗ್ ಓದಿದ ನಮ್ಮ ಎಷ್ಟೋ ಹೆಣ್ಣುಮಕ್ಕಳು ಅಲ್ಲಿ ವರ್ಷಗಟ್ಟಲೆ ಬಾಗಿಲು ನೋಡುತ್ತಾ ದಿನ ಕಳೆದರು. ಬೀಗ ಹಾಕಿದ ಬಾಗಿಲಿನ ಒಳಗೆ ಗೆಲುವಿನ ಮಾತಾಡುವುದು ಅನ್ಯಾಯ.

ಮಾರು ಗೆದ್ದು, ತಾನಾಗಿಯೇ ಮನೆಯತ್ತ ತಿರುಗುವ ಈ ಬಗೆಯ ಗೆಲುವು ಕನ್ನಡಿಗರಿಗೆ ಹೊಸದೂ ಅಲ್ಲ. ನಟಿ ಆರತಿಯವರನ್ನು ನೆನೆಯಿರಿ. ಎಪ್ಪತ್ತರ ದಶಕದಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರಗಳಿಂದ ಮನೆಮಾತಾದವರು. 1981ರ 'ರಂಗನಾಯಕಿ'ಯಲ್ಲಿ ಅವರು ಮಾಡಿದ್ದು ಮದುವೆಗಾಗಿ ರಂಗ ಬಿಟ್ಟು, ಮತ್ತೆ ರಂಗಕ್ಕೆ ಕಾಲಿಟ್ಟದ್ದಕ್ಕೆ ಮನೆ ಕಳೆದುಕೊಂಡ ಕಲಾವಿದೆಯ ಪಾತ್ರ. ಅದಾಗಿ ಕೆಲವೇ ವರ್ಷಗಳಲ್ಲಿ, ಬೇಡಿಕೆ ಇರುವಾಗಲೇ, ಅವರು ಬಣ್ಣ ಒರೆಸಿ ಅಮೆರಿಕದಲ್ಲಿ ನೆಲೆಸಿದರು. ಸುಮಾರು ಎರಡು ದಶಕ ಸುದ್ದಿಗೆ ಸಿಗಲಿಲ್ಲ. 2005ರಲ್ಲಿ ಮರಳಿ ಬಂದದ್ದು ನಟಿಯಾಗಿ ಅಲ್ಲ, ನಿರ್ದೇಶಕಿಯಾಗಿ. ಮಕ್ಕಳ ಆ ಚಿತ್ರದ ಹೆಸರು 'ಮಿಠಾಯಿ ಮನೆ'. ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ಆದರೆ ಆ ಎರಡು ದಶಕವನ್ನು ಪತ್ರಿಕೆಗಳು 'ಕಣ್ಮರೆ' ಎಂದು ಬರೆದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ನಮ್ಮ ಕಣ್ಣಿಗೆ ಕಾಣದಿದ್ದರೆ ಬದುಕು ನಿಂತುಹೋಗುತ್ತದೆಯೇ?

ಅಂದು ಸಂಜೆ ಪತ್ರೊಡೆ ಬೆಂದಿತು. ನೆರಮನೆಯ ಅತ್ತೆಗೂ ಒಂದು ತಟ್ಟೆ ಹೋಯಿತು. ಕೊಟ್ಟುಬರಲು ಹೋದದ್ದು ಐದು ವರ್ಷದ ಮಗಳು. ಡಚ್ ಶಾಲೆಗೆ ಹೋಗುವ ಆ ಮಗು ಜಗಲಿಯ ಮೇಲೆ ನಿಂತು, "ಅಜ್ಜಿ, ಇದ್ ತಿಂಬುಕೆ ಬಿಸಿ ಇತ್ತ್, ಜಾಗ್ರತಿ" ಎಂದಿತಂತೆ. ಬೆಂಗಳೂರಲ್ಲೇ ಬೆಳೆಯುತ್ತಿರುವ ನಮ್ಮ ಮನೆಯ ಉಳಿದ ಮಕ್ಕಳ ಬಾಯಲ್ಲಿ ಈ ಭಾಷೆ ಬರುವುದಿಲ್ಲ. ಕೂತವಳ ಮಗಳಿಗೆ ಬರುತ್ತದೆ.

ಈ ಶಾಲಾ ರಜೆಯಲ್ಲಿ ನಿಮ್ಮ ಮನೆಗೂ ಹೊರದೇಶದಿಂದ ಮಗಳೋ ಸೊಸೆಯೋ ಬರಬಹುದು. ಮನೆಯಲ್ಲೇ ಕೂತಿದ್ದೀಯಾ ಎಂದು ಅವಳನ್ನು ಕೇಳಬೇಡಿ. ಅಲ್ಲಿ ಮನೆಯನ್ನು ಹೇಗೆ ಕಟ್ಟಿಕೊಂಡೆ ಎಂದು ಕೇಳಿ, ಅವಳು ಹೇಳಿ ಮುಗಿಸುವವರೆಗೆ ಕೂತು ಕೇಳಿ.