ಕಳಚಲೆಂದೇ ಕೂಡಿಸುವುದು

ಬೆಸುಗೆ ಹಾಕಿದ ತಂತಿಯ ಬಗ್ಗೆ ಎಂಜಿನಿಯರಿಗೆ ಹೆಚ್ಚು ಚಿಂತೆಯಿಲ್ಲ. ತವರ ಕರಗಿ ಎರಡು ಲೋಹಗಳನ್ನು ಒಂದು ಮಾಡಿಬಿಟ್ಟಿರುತ್ತದೆ. ಚಿಂತೆ ಶುರುವಾಗುವುದು ಕಳಚಲೆಂದೇ ಮಾಡಿದ ಕೂಡಿಕೆಯಲ್ಲಿ. ಪ್ರಿಂಟರಿನ ಶಾಯಿ ಕಾರ್ಟ್ರಿಜ್ ಅಂಥದ್ದು. ಅದನ್ನು ಕೂರಿಸುವ ಕೈ ಕಾರ್ಖಾನೆಯದಲ್ಲ. ಮುಂಬಯಿಯ ಫೋರ್ಟಿನ ಜೆರಾಕ್ಸ್ ಅಂಗಡಿಯ ಹುಡುಗನದು, ಮಾಟುಂಗದ ಯಾವುದೋ ಮನೆಯ ಶಾಲಾ ಬಾಲಕಿಯದು, ಲೋಕಲ್ ರೈಲಿನಿಂದ ಬೆವರುತ್ತ ಇಳಿದು ಬಂದ ಗುಮಾಸ್ತನದು. ಬೆರಳಿನ ಜಿಡ್ಡು, ಬೆವರಿನ ಉಪ್ಪು, ಕಡಲ ಗಾಳಿಯ ತೇವ ಎಲ್ಲವೂ ಕಾರ್ಟ್ರಿಜಿನ ಜೊತೆಗೇ ಒಳಗೆ ಹೋಗುತ್ತವೆ. ಆದರೂ ಪ್ರತಿ ಸಲ ವಿದ್ಯುತ್ತು ತಪ್ಪದೆ ದಾಟಬೇಕು. ಕನೆಕ್ಟರುಗಳ ವಿನ್ಯಾಸದಲ್ಲೇ ದುಡಿದ ನನ್ನನ್ನು ಕಾರ್ಟ್ರಿಜಿನ ಬೆನ್ನ ಮೇಲಿನ ಆ ಹೊಂಬಣ್ಣದ ಚುಕ್ಕಿಗಳಷ್ಟು ಯೋಚನೆಗೆ ಹಚ್ಚಿದ್ದು ಇನ್ನೊಂದಿಲ್ಲ.

ಲೋಹಕ್ಕೆ ಲೋಹ ತಾಗಿತು ಅನ್ನುತ್ತೇವೆ. ಎಷ್ಟೇ ನುಣುಪಾಗಿ ಕಂಡರೂ ಎರಡೂ ಮೈಗಳು ಒಳಗೆ ಗುಡ್ಡಗಾಡು. ತುದಿಗೆ ತುದಿ ತಾಗಿದ ಕೆಲವೇ ಬಿಂದುಗಳಲ್ಲಿ ಅಷ್ಟೂ ಕರೆಂಟು ಇಕ್ಕಟ್ಟಾಗಿ ನುಗ್ಗಬೇಕು. ಕಳೆದ ಶತಮಾನದಲ್ಲಿ ಇದನ್ನು ಗಣಿತಕ್ಕೆ ಇಳಿಸಿದವನು ಸ್ವೀಡನ್ ಮೂಲದ ರಾಗ್ನಾರ್ ಹೋಲ್ಮ್. ಅವನಿಂದ ನಾವು ಕಲಿತದ್ದು ಮೊದಲ ನೋಟಕ್ಕೆ ನಂಬಲು ಕಷ್ಟ: ಚುಕ್ಕಿಯನ್ನು ಅಗಲ ಮಾಡಿದರೆ ಸಂಪರ್ಕ ಸುಧಾರಿಸುವುದಿಲ್ಲ, ಒತ್ತಡ ಹೆಚ್ಚಿಸಿದರೆ ಸುಧಾರಿಸುತ್ತದೆ. ಚಿನ್ನ ಲೇಪಿಸಿದ ಸಂಪರ್ಕಕ್ಕೆ ಸುಮಾರು 50 ಗ್ರಾಂ ಒತ್ತು ಬೇಕು, ತವರಕ್ಕಾದರೆ ಕನಿಷ್ಠ 100. ಇಪ್ಪತ್ತು ಚುಕ್ಕಿಗಳಿದ್ದರೆ ಚಿನ್ನದ ಲೆಕ್ಕದಲ್ಲೇ ಒಂದು ಕಿಲೋ ಆಯಿತು. ಕಾರ್ಟ್ರಿಜ್ ಕೂರಿಸುವಾಗ ಬೆರಳಿಗೆ ತಟ್ಟುವ ಆ ಗಟ್ಟಿತನ, ಕೊನೆಯ ಕ್ಲಿಕ್ ಸದ್ದು, ಇವೆಲ್ಲ ಆ ಕಿಲೋ ಭಾರದ ಗುರುತು.

ಆ ಭಾರ ಎಲ್ಲ ಚುಕ್ಕಿಗೂ ಸಮನಾಗಿ ಹಂಚಿಕೆಯಾಗುವುದು ಬೇರೆಯೇ ಸಮಸ್ಯೆ. ನಾಲ್ಕು ಕಾಲಿನ ಮಣೆ ತಗ್ಗುದಿಣ್ಣೆಯ ನೆಲದಲ್ಲಿ ಮೂರೇ ಕಾಲಿನ ಮೇಲೆ ನಿಲ್ಲುತ್ತದಲ್ಲ, ಗಡಸಾದ ಹಲಗೆಯ ಮೇಲಿನ ಪಿನ್ನುಗಳದೂ ಅದೇ ಪಾಡು. 1984ರಲ್ಲಿ ಎಚ್‌ಪಿ ಕಂಪನಿ ಥಿಂಕ್‌ಜೆಟ್ ಪ್ರಿಂಟರನ್ನು ತಂದಾಗ ಅದರ ಮುದ್ರಣ ತಲೆ ಶಾಯಿಯ ಜೊತೆಗೇ ಕಾರ್ಟ್ರಿಜ್‌ನಲ್ಲಿತ್ತು, ಶಾಯಿ ಮುಗಿದರೆ ಎರಡನ್ನೂ ಎಸೆಯುವುದು. ಆ ಬಗೆಯ ಯಂತ್ರಗಳಲ್ಲಿ ಪ್ರಿಂಟರಿನ ಕಡೆ ಬಾಗುವ ಫಿಲ್ಮಿನ ಮೇಲೆ ಪುಟ್ಟ ಗುಬಟುಗಳನ್ನು ಎಬ್ಬಿಸಿ, ಹಿಂದಿನಿಂದ ರಬ್ಬರಿನ ಒತ್ತು ಕೊಟ್ಟರು. ಪ್ರತಿ ಗುಬಟೂ ತನ್ನ ಎದುರಿನ ಏರುತಗ್ಗಿಗೆ ತಾನೇ ಬಗ್ಗಿಕೊಳ್ಳುತ್ತದೆ. ಎಷ್ಟು ಸಲ ನೋಡಿದರೂ ಈ ಉಪಾಯ ನನಗೆ ಹಳತೆನಿಸಿಲ್ಲ.

ಇಷ್ಟು ಕಾಳಜಿ ಯಾಕೆಂದರೆ ಅಲ್ಲಿ ನಡೆಯುವ ಕೆಲಸ ಅಷ್ಟು ಸೂಕ್ಷ್ಮ. ಕೆಲವೇ ಮೈಕ್ರೊಸೆಕೆಂಡುಗಳ ವಿದ್ಯುತ್ ಮಿಡಿತ ಶಾಯಿಯ ತೆಳುಪದರವನ್ನು 300 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಕ್ಕೆ ಕಾಯಿಸಿ ಗುಳ್ಳೆ ಎಬ್ಬಿಸುತ್ತದೆ, ಗುಳ್ಳೆ ಹನಿಯನ್ನು ಕಾಗದಕ್ಕೆ ತಳ್ಳುತ್ತದೆ. ದಾರಿಯಲ್ಲಿ ಪ್ರತಿರೋಧ ಹೆಚ್ಚಿದರೆ ಗುಳ್ಳೆ ಸೊರಗುತ್ತದೆ, ಅಕ್ಷರ ಬಿಳಿಚಿಕೊಳ್ಳುತ್ತದೆ. ಕಾರ್ಟ್ರಿಜಿನ ಚಿಪ್‌ಗೆ ಮಾಹಿತಿ ಮಾತ್ರ ಒಯ್ಯುವ ಚುಕ್ಕಿಗಳದು ಇನ್ನೂ ನಾಜೂಕು: ಅವುಗಳ ವೋಲ್ಟೇಜು ಎಷ್ಟು ಕಡಿಮೆಯೆಂದರೆ ತೆಳ್ಳನೆಯ ಕೊಳೆಯ ಪರೆಯನ್ನೂ ಭೇದಿಸಲಾರದು.

ಝವೇರಿ ಬಜಾರಿನ ಅಕ್ಕಸಾಲಿಗನಿಗೆ ಚಿನ್ನ ಕಿಲುಬು ಹಿಡಿಯದು ಎಂಬುದು ಹೊಸ ಮಾತಲ್ಲ. ಕನೆಕ್ಟರಿಗೂ ಚಿನ್ನ ಬೇಕಾದದ್ದು ಅದೇ ಕಾರಣಕ್ಕೆ. ಒಳ್ಳೆಯ ಕೆಲಸದಲ್ಲಿ ತಾಮ್ರದ ಮೇಲೆ ನಿಕ್ಕಲ್, ಅದರ ಮೇಲೆ ಸುಮಾರು ಮುಕ್ಕಾಲು ಮೈಕ್ರಾನ್ ಚಿನ್ನ. ಖರ್ಚು ಉಳಿಸಲು ಇದನ್ನು ತೆಳುವಾಗಿಸುತ್ತ ಹೋದರೆ ಲೇಪದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಮುಂಬಯಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ, ಸಮುದ್ರದ ಉಪ್ಪು, ಮಾಹೀಮ್ ಖಾಡಿಯಂಥ ಕಡೆ ಕೊಳಚೆ ನೀರಿನಿಂದ ಏಳುವ ಗಂಧಕದ ಅನಿಲ ಆ ರಂಧ್ರಗಳಲ್ಲಿ ಇಳಿದು ಕೆಳಗಿನ ತಾಮ್ರವನ್ನು ತಿನ್ನುತ್ತವೆ. ಮೇಲೆ ಹೊಳಪು ಹಾಗೇ ಇರುತ್ತದೆ, ರಂಧ್ರದ ಬಾಯಿಂದ ಕಿಲುಬು ಉಕ್ಕುತ್ತದೆ. ಒಣ ಊರಿನ ಪ್ರಯೋಗಾಲಯದಲ್ಲಿ ಪಾಸಾದ ಭಾಗ ಇಲ್ಲಿ ಸೋಲುವುದು ಹೀಗೆ.

ಇದಕ್ಕೆ ಮದ್ದು ಉಜ್ಜಾಟ. ಕಾರ್ಟ್ರಿಜನ್ನು ಓರೆಯಾಗಿ ತೂರಿಸಿ ಮೇಲಕ್ಕೆ ತಿರುಗಿಸುವಾಗ ಚುಕ್ಕಿ ಗುಬಟಿನ ಮೇಲೆ ಚೂರು ಜಾರುವಂತೆ ಮಾಡಿದರೆ ಪರೆ ಹರಿದು ಹೊಸ ಲೋಹ ಹೊಸ ಲೋಹಕ್ಕೆ ಸಿಗುತ್ತದೆ. ಆದರೆ ಉಜ್ಜಿದ್ದೆಲ್ಲ ಸವೆಯುತ್ತದೆ, ಯಾವುದು ಸವೆಯಬೇಕೆಂದು ಮೊದಲೇ ತೀರ್ಮಾನಿಸಬೇಕು. ಈ ನಗರಕ್ಕೆ ಆ ಲೆಕ್ಕ ಹೊಸದಲ್ಲ. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ದೇಶದ ಮೊದಲ ಎಲೆಕ್ಟ್ರಿಕ್ ರೈಲು ಓಡಿತು, 1500 ವೋಲ್ಟ್ ಡಿಸಿಯಲ್ಲಿ. ಇಂದಿನ ಲೋಕಲ್‌ಗಳದು 25,000 ವೋಲ್ಟ್ ಎಸಿ. ಬೋಗಿಯ ನೆತ್ತಿಯ ಪ್ಯಾಂಟೋಗ್ರಾಫು ಮೇಲಿನ ತಂತಿಗೆ ಒತ್ತಿಕೊಂಡೇ ಓಡುತ್ತದೆ. ತಂತಿಯನ್ನು ನೇರ ಎಳೆಯದೆ ಕಂಬದಿಂದ ಕಂಬಕ್ಕೆ ಎಡಕ್ಕೂ ಬಲಕ್ಕೂ ಓರೆ ಕಟ್ಟುತ್ತಾರೆ, ಪ್ಯಾಂಟೋಗ್ರಾಫಿನ ಪಟ್ಟಿಯ ಒಂದೇ ಜಾಗ ತೋಡಿಹೋಗದಿರಲೆಂದು. ಸವೆಯಬೇಕಾದ್ದು ಬದಲಿಸಲು ಸುಲಭವಾದ ಇಂಗಾಲದ ಪಟ್ಟಿ. ಮೈಲಿಗಟ್ಟಲೆಯ ತಂತಿ ಉಳಿಯಬೇಕು.

ಪ್ರಿಂಟರ್ ವಿನ್ಯಾಸಕಾರನೂ ಹೀಗೇ ಯೋಚಿಸಿದ. ಯಂತ್ರದ ಗುಬಟು ವರ್ಷಗಟ್ಟಲೆ ಬಾಳಬೇಕು, ಕಾರ್ಟ್ರಿಜಿನ ಚುಕ್ಕಿ ಕೆಲವು ಸಲ ಕೂತೆದ್ದರೆ ಸಾಕು, ಶಾಯಿ ಮುಗಿದ ಮೇಲೆ ಅದು ಕಸ. ಈ ಲೆಕ್ಕ ರಿಪೇರಿ ಅಂಗಡಿಗಳ ಲ್ಯಾಮಿಂಗ್ಟನ್ ರಸ್ತೆಗೆ ಬರುವಷ್ಟರಲ್ಲಿ ತಲೆಕೆಳಗಾಗುತ್ತದೆ. ಇಲ್ಲಿ ಕಾರ್ಟ್ರಿಜ್ ಕಸವಾಗುವುದಿಲ್ಲ. ಸಿರಿಂಜಿನಲ್ಲಿ ಶಾಯಿ ತುಂಬಿ, ಒರೆಸಿ, ಮತ್ತೆ ಮತ್ತೆ ಕೂರಿಸುತ್ತಾರೆ. ಚೆಲ್ಲಿದ ಶಾಯಿ ಚುಕ್ಕಿಗಳ ನಡುವೆ ಹರಡಿ, ಕರೆಂಟು ಬಂದಾಗ ಲೋಹವನ್ನು ಕರಗಿಸತೊಡಗುತ್ತದೆ. ಆಗ ರಿಪೇರಿಯವನು ‘ಕಾಂಟ್ಯಾಕ್ಟ್ ಸಾಫ್ ಕರ್ನಾ ಪಡೇಗಾ’ ಎನ್ನುತ್ತ ಪೆನ್ಸಿಲ್ ರಬ್ಬರ್ ಹಿಡಿದು ಉಜ್ಜುತ್ತಾನೆ. ತಕ್ಷಣಕ್ಕೆ ಪ್ರಿಂಟು ಬರುತ್ತದೆ. ಜೊತೆಗೆ ಚಿನ್ನವೂ ಹೋಗುತ್ತದೆ, ನಿಕ್ಕಲ್ ಬಯಲಾಗಿ ಗಟ್ಟಿ ಆಕ್ಸೈಡ್ ಕಟ್ಟಿಕೊಳ್ಳುತ್ತದೆ. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತೋಯಿಸಿ ಮೆಲ್ಲಗೆ ಒರೆಸಿದರೆ ಚುಕ್ಕಿ ಹೆಚ್ಚು ದಿನ ಬಾಳುತ್ತದೆ.

ಹೀಗೆ ಶಾಯಿ ತುಂಬಿ ಮತ್ತೆ ಬಳಸುವುದನ್ನು ಕಂಪನಿಗಳು ದುರ್ಬಳಕೆ ಎನ್ನುತ್ತವೆ. ನಾನು ಒಪ್ಪುವುದಿಲ್ಲ. ದಿನಕ್ಕೆ ನೂರಾರು ಅರ್ಜಿ, ಅಫಿಡವಿಟ್ಟು ಮುದ್ರಿಸಿ ಬದುಕುವ ಅಂಗಡಿಯವನಿಗೆ ಮರುಭರ್ತಿ ಹಟವಲ್ಲ, ಹೊಟ್ಟೆಪಾಡು. ವಸ್ತು ನಿಜಕ್ಕೂ ಹೇಗೆ ಬಾಳುತ್ತದೋ ಅದೇ ಅದರ ಬಳಕೆ; ವಿನ್ಯಾಸ ಅದಕ್ಕೆ ಉತ್ತರ ಕೊಡಬೇಕು. ಚಿನ್ನವನ್ನು ಎರಡೂ ಕಡೆ ಪೂರ್ತಿ ದಪ್ಪಕ್ಕೆ ಲೇಪಿಸಬಹುದು. ಶಾಯಿ ಏರದಂತೆ ಚುಕ್ಕಿಗಳ ಕೆಳಗೆ ಒಂದು ಏಣು ಕಟ್ಟಬಹುದು. ಹೆಚ್ಚು ಕರೆಂಟು ಹೊರುವ ನೆಲತಂತಿಗೆ ಒಂದರ ಬದಲು ಹಲವು ಚುಕ್ಕಿ ಕೊಡುವ ರೂಢಿ ಈಗಾಗಲೇ ಇದೆ, ಅದನ್ನು ಮಾಹಿತಿಯ ಚುಕ್ಕಿಗೂ ಚಾಚಬಹುದು. ಇನ್ನು ಉಪ್ಪುಮಂಜಿನ ಪೆಟ್ಟಿಗೆಯಲ್ಲಿ ಪರೀಕ್ಷೆಗೆ ಇಡುವಾಗ, ಡಬ್ಬಿಯಿಂದ ಆಗಷ್ಟೇ ತೆಗೆದ ಕಾರ್ಟ್ರಿಜ್ ಬೇಡ. ಹಲವು ಸಲ ಕಳಚಿ ಕೂರಿಸಿದ್ದನ್ನು, ಬೆವರ ಬೆರಳು ತಾಗಿದ್ದನ್ನು, ಶಾಯಿ ಚೆಲ್ಲಿ ಒರೆಸಿದ್ದನ್ನು ಇಡಿ.