ಇಂದಿನ ಚಿಂತನ: ಕಾಕ್ ಬಂದ್ ಮಾಡಿದರೆ ಮುಗಿಯಿತೆ?



ನನ್ನ ಬೈಕು ಹಳೆಯದು, 2020ರಲ್ಲಿ ಬಿಎಸ್-6 ಬರುವ ಮುಂಚಿನ ಕಾರ್ಬುರೇಟರ್ ಗಾಡಿ. ಎಂಟು ತಿಂಗಳಿಂದ ಆ ಕಾರ್ಬುರೇಟರ್ ಸೋರುತ್ತಿತ್ತು. ಓಡುವಾಗ ತೊಂದರೆಯಿಲ್ಲ. ನಿಲ್ಲಿಸಿದ ಮೇಲೆ ಕೆಳಗಿನ ಪೈಪಿನಿಂದ ಪೆಟ್ರೋಲ್ ಹನಿಯುತ್ತಿತ್ತು. ಇಳಿದ ಕೂಡಲೇ ಕಾಕ್ ಬಂದ್ ಮಾಡುವುದು ನಾನು ಕಂಡುಕೊಂಡ ಉಪಾಯ. ಅದು ಬೆರಳಿಗೆ ಎಷ್ಟು ರೂಢಿಯಾಯಿತೆಂದರೆ, ಗಾಡಿ ಕೆಟ್ಟಿದೆ ಎಂದೇ ಅನಿಸುತ್ತಿರಲಿಲ್ಲ.

ಹೋದ ತಿಂಗಳು ನಮ್ಮ ಓಣಿಯ ಹುಡುಗ ರಾಯಬಾಗಕ್ಕೆ ಹೋಗಿಬರಲು ಗಾಡಿ ಕೇಳಿದ. ಕೀಲಿ ಕೊಟ್ಟೆ. ಕಾಕಿನ ಮಾತು ಹೇಳಲಿಲ್ಲ. ರಾತ್ರಿ ತಡವಾಗಿ ಬಂದವನು ಗಾಡಿಯನ್ನು ತನ್ನ ಮನೆಯ ಪಡಸಾಲೆಯಲ್ಲಿ ನಿಲ್ಲಿಸಿ ಮಲಗಿದ. ನಸುಕಿನಲ್ಲಿ ನೀರು ಕಾಯಿಸಲು ಎದ್ದ ಅವನ ಅವ್ವನಿಗೆ ವಾಸನೆ ಬಡಿಯಿತು. ಕಡ್ಡಿ ಗೀರಲಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ; ನೆಲದ ಗುಂಟ ಹರಿದು ಒಲೆಯವರೆಗೂ ಹೋಗುತ್ತದೆ. ಆ ದಿನ ಆಕೆಗೆ ನೆಗಡಿಯಾಗಿದ್ದರೆ?

ಮುಂಜಾನೆ ಕೀಲಿ ಕೊಡಲು ಅವರೇ ಬಂದರು. ಬೈಯಲಿಲ್ಲ. “ಮಾಸ್ತರ, ಗಾಡಿ ಸೋರತೈತಿ ಅಂತ ನಿಮಗ ಗೊತ್ತಿತ್ತೇನ್ರಿ?” ಎಂದಷ್ಟೇ ಕೇಳಿದರು. ನಾನು ಏನೋ ತೊದಲಿದೆ.

ಅವರು ಹೋದ ಮೇಲೆ ಮನಸ್ಸಿಗೆ ಮೊದಲು ಬಂದದ್ದು ಧಮ್ಮದ ಮಾತೇ. ಚೇತನೆಯೇ, ಅಂದರೆ ಮನಸ್ಸಿನ ಸಂಕಲ್ಪವೇ ಕರ್ಮ ಎಂದು ಅಂಗುತ್ತರ ನಿಕಾಯದಲ್ಲಿ ಬುದ್ಧರು ಹೇಳುತ್ತಾರೆ. ನನಗೆ ಕೆಡುಕಿನ ಸಂಕಲ್ಪವಿರಲಿಲ್ಲ. ಹಾಗಾದರೆ ತಪ್ಪೆಲ್ಲಿ? (ಓದಿದವರಿಗೆ ನೆಪ ಬೇಗ ಸಿಗುತ್ತದೆ.)

ವಿನಯ ಪಿಟಕದಲ್ಲಿ ಒಂದು ಪ್ರಸಂಗವಿದೆ. ಭಿಕ್ಖುವೊಬ್ಬ ಒಂದು ಮನೆಯಲ್ಲಿ ಪೀಠದ ಮೇಲೆ ಕುಳಿತ. ಅದರ ಮೇಲಿದ್ದ ಬಟ್ಟೆಯಡಿ ಕೂಸು ಮಲಗಿತ್ತು. ಸತ್ತುಹೋಯಿತು. ಕೊಲ್ಲುವ ಉದ್ದೇಶವಿರದ ಕಾರಣ ಆತನಿಗೆ ಪಾರಾಜಿಕ ದೋಷ ತಟ್ಟಲಿಲ್ಲ, ಸಂಘದಿಂದ ಹೊರಬೀಳಲಿಲ್ಲ. ಆದರೆ ಬುದ್ಧರು ಅಷ್ಟಕ್ಕೇ ಬಿಡಲಿಲ್ಲ. ಇನ್ನು ಮುಂದೆ ಪರೀಕ್ಷಿಸದೆ ಆಸನದ ಮೇಲೆ ಕೂರಬಾರದು, ಕುಳಿತರೆ ದೋಷ ಎಂದು ನಿಯಮ ಮಾಡಿದರು. ಕೂಸಿರಲಿ, ಇಲ್ಲದಿರಲಿ, ನೋಡದೆ ಕೂರುವುದೇ ದೋಷ.

ಆ ಭಿಕ್ಖುವಿಗೆ ಬಟ್ಟೆಯಡಿ ಏನಿದೆ ಎಂಬುದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ದಿನಕ್ಕೆ ನಾಲ್ಕು ಸಲ ಕಾಕ್ ತಿರುಗಿಸಿದ ಬೆರಳೇ ಸಾಕ್ಷಿ. ಪ್ರಮಾದ ಎಂದರೆ ಎಚ್ಚರ ತಪ್ಪುವುದು ಎಂದು ತರಗತಿಯಲ್ಲಿ ಅರ್ಥ ಹೇಳುತ್ತೇನೆ. ಎಚ್ಚರವನ್ನು ಬೆರಳಿಗೆ ಒಪ್ಪಿಸಿ ಮನಸ್ಸು ಆರಾಮಾಗಿರುವುದನ್ನೂ ಅದರಲ್ಲಿ ಸೇರಿಸಬೇಕಿತ್ತು. ನನ್ನ ಉಪಾಯ ಕಾಯುತ್ತಿದ್ದದ್ದು ನನ್ನ ಮನೆಯನ್ನು ಮಾತ್ರ.

ಅಂದೇ ಚಿಕ್ಕೋಡಿಯಲ್ಲಿ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಕಾರ್ಬುರೇಟರಿನ ಕೆಳಗಿನ ಬಟ್ಟಲು ಬಿಚ್ಚಿ ತೋರಿಸಿದರು. ಒಳಗೊಂದು ಫ್ಲೋಟ್, ಪೆಟ್ರೋಲ್ ತುಂಬಿದಂತೆ ಅದು ತೇಲಿ ಮೇಲೇರಿ, ಸಣ್ಣ ಸೂಜಿಯನ್ನು ಒತ್ತಿ ದಾರಿ ಮುಚ್ಚಬೇಕು. ಸೂಜಿಯ ತುದಿ ಸವೆದು ಗೆರೆ ಬಿದ್ದಿತ್ತು. ಬಟ್ಟಲಿನ ತಳದಲ್ಲಿ ಕಸ. ದಾರಿ ಪೂರ್ತಿ ಮುಚ್ಚದೆ ಪೆಟ್ರೋಲ್ ಹೊರಚೆಲ್ಲುತ್ತಿತ್ತು. ಸೂಜಿ ಬದಲಿಸಿ, ಬಟ್ಟಲು ತೊಳೆದು ಹಾಕಲು ಅರ್ಧ ತಾಸು ಹಿಡಿಯಿತು. “ಇಷ್ಟಕ್ಕ ಎಂಟ ತಿಂಗಳ ಯಾಕ ಬಿಟ್ರಿ ಸರ?” ಎಂದರು.

ಸಂಜೆ ಆ ತಾಯಿಯ ಮನೆಗೆ ಹೋಗಿ, ಮುಂಜಾನೆ ತೊದಲಿದ ಉತ್ತರವನ್ನು ನೆಟ್ಟಗೆ ಹೇಳಿದೆ: “ಗೊತ್ತಿತ್ರಿ ಅಕ್ಕಾರ.”

“ಕುಂದರ್ರಿ, ಚಾ ಮಾಡತೀನಿ” ಅಂದರು. ಕಡ್ಡಿ ಗೀರುವ ಮುಂಚೆ ಒಮ್ಮೆ ಹೊರಗೆ ನಿಂತಿದ್ದ ಗಾಡಿಯ ಕಡೆ ನೋಡಿದರು.