ತರಗತಿಗೆ ಬಂದ ಧರ್ಮ: ಕೊಲಂಬೊದ ಆನಂದ ಕಾಲೇಜು

ಶ್ರೀಲಂಕಾದಲ್ಲಿ ಶತಮಾನಗಳ ಕಾಲ ಬಾಲಕರಿಗೆ ಅಕ್ಷರವನ್ನೂ ಧರ್ಮವನ್ನೂ ಕಲಿಸಿದವರು ವಿಹಾರಗಳ ಭಿಕ್ಷುಗಳು. ಪಾಲಿ, ಸಂಸ್ಕೃತಗಳ ಉನ್ನತ ವ್ಯಾಸಂಗ ನಡೆಯುತ್ತಿದ್ದುದು ಪಿರಿವೆನ ಎಂಬ ವಿಹಾರ ವಿದ್ಯಾಪೀಠಗಳಲ್ಲಿ. ಬ್ರಿಟಿಷರ ಆಳ್ವಿಕೆಯಲ್ಲಿ ಸರ್ಕಾರಿ ನೌಕರಿಗೆ ಇಂಗ್ಲಿಷ್ ಬೇಕಾಯಿತು, ಅದು ಬಹುಮಟ್ಟಿಗೆ ಮಿಷನರಿ ಶಾಲೆಗಳಲ್ಲೇ ಸಿಗುತ್ತಿದ್ದುದರಿಂದ ಬೌದ್ಧ ಕುಟುಂಬಗಳು ಮಗನ ವಿದ್ಯೆಗೂ ಮನೆತನದ ಧರ್ಮಕ್ಕೂ ನಡುವೆ ಇಕ್ಕಟ್ಟಿಗೆ ಸಿಲುಕಿದವು. ಕರ್ನಲ್ ಹೆನ್ರಿ ಸ್ಟೀಲ್ ಆಲ್ಕಾಟ್ ಅವರ ಮುಂದಾಳತ್ವದ ಬೌದ್ಧ ಥಿಯಾಸಫಿಕಲ್ ಸೊಸೈಟಿ 1886ರ ನವೆಂಬರ್ 1ರಂದು ಕೊಲಂಬೊದ ಪೆಟ್ಟಾದಲ್ಲಿ 37 ಹುಡುಗರೊಂದಿಗೆ ಆರಂಭಿಸಿದ ಇಂಗ್ಲಿಷ್ ಶಾಲೆ ಈ ಇಕ್ಕಟ್ಟಿಗೆ ಕೊಟ್ಟ ಉತ್ತರವಾಗಿತ್ತು. ಮುಂದೆ ಆನಂದ ಕಾಲೇಜು ಎಂದು ಹೆಸರಾದ ಈ ಶಾಲೆಯ ಮೊದಲ ಪ್ರಾಂಶುಪಾಲರು, ಹಿಂದೆ ಆಂಗ್ಲಿಕನ್ ಪಾದ್ರಿಯಾಗಿದ್ದ ಸಿ. ಡಬ್ಲ್ಯು. ಲೆಡ್‌ಬೀಟರ್. ಅನಂತರ ಬಂದ ಎ. ಇ. ಬುಲ್ಟ್‌ಜೆನ್ಸ್, ಇರುವ ಶಾಲೆಯೊಂದರ ಕಾಲು ಮೈಲಿಯೊಳಗೆ ತೆರೆದ ಹೊಸ ಶಾಲೆಗೆ ಅನುದಾನವಿಲ್ಲವೆಂಬ ಸರ್ಕಾರದ ನಿಯಮದ ವಿರುದ್ಧ ಹೋರಾಡಿದರು.

ಗಂಟೆ, ವೇಳಾಪಟ್ಟಿ, ಪರೀಕ್ಷೆ, ಕ್ರಿಕೆಟ್ ಎಲ್ಲವೂ ಮಿಷನರಿ ಶಾಲೆಯ ಅಚ್ಚಿನಿಂದಲೇ ಬಂದವು. ಆಲ್ಕಾಟ್ 1881ರಲ್ಲಿ ಹೊರತಂದ ಬೌದ್ಧ ಪ್ರಶ್ನೋತ್ತರ ಮಾಲಿಕೆ ಕೂಡ ಕ್ರೈಸ್ತ ಧರ್ಮಬೋಧೆಯ ಮಾದರಿಯದೇ. ಮಿಷನರಿಗಳನ್ನು ಪ್ರತಿಭಟಿಸುತ್ತಲೇ ಅವರ ರೂಪಗಳನ್ನು ಮೈಗೂಡಿಸಿಕೊಂಡ ಈ ಪ್ರವೃತ್ತಿಯನ್ನು ಮಾನವಶಾಸ್ತ್ರಜ್ಞ ಗಣನಾಥ ಒಬೆಯಸೇಕರ ‘ಪ್ರೊಟೆಸ್ಟೆಂಟ್ ಬೌದ್ಧಧರ್ಮ’ ಎಂದು ಕರೆದರು. ಈ ವಿಶ್ಲೇಷಣೆಗೆ ತೂಕವಿದೆ, ಆದರೆ ಬಾಲಕನನ್ನು ಪ್ರಶ್ನೆಗಳ ಮೂಲಕ ಧರ್ಮಕ್ಕೆ ಕರೆತರುವ ಕ್ರಮ ಬೌದ್ಧರಿಗೆ ಹೊರಗಿನಿಂದ ಬಂದುದಲ್ಲ. ತ್ರಿಪಿಟಕದ ಖುದ್ದಕಪಾಠದಲ್ಲಿ ‘ಕುಮಾರಪಞ್ಹ’, ಅಂದರೆ ಬಾಲಕನಿಗೆ ಕೇಳಿದ ಪ್ರಶ್ನೆಗಳು, ಎಂಬ ಪುಟ್ಟ ಭಾಗವಿದ್ದು, ಅದರಲ್ಲಿ ಒಂದರಿಂದ ಹತ್ತರವರೆಗಿನ ಸಂಖ್ಯೆಗಳನ್ನು ಹಿಡಿದು ಹತ್ತು ಪ್ರಶ್ನೆಗಳು ಬರುತ್ತವೆ. ಬುದ್ಧ ಇವನ್ನು ಏಳು ವರ್ಷದ ಸೋಪಾಕನಿಗೆ ಕೇಳಿದನೆಂದೂ, ಆತನ ಉತ್ತರಗಳೇ ಅವನಿಗೆ ಉಪಸಂಪದೆ, ಅಂದರೆ ಪೂರ್ಣ ಭಿಕ್ಷುದೀಕ್ಷೆ, ಆದವೆಂದೂ ಅಟ್ಠಕಥೆ ಎಂಬ ಪಾಲಿ ವ್ಯಾಖ್ಯಾನ ಹೇಳುತ್ತದೆ. ಅಲ್ಲಿ ಉತ್ತರವು ಕಂಡುಕೊಂಡ ಸತ್ಯದ ಮಾತೇ ಹೊರತು ಕಂಠಪಾಠವಲ್ಲ. ಶಾಲೆಯಲ್ಲಿ ನಿಜಕ್ಕೂ ಹೊಸದಾಗಿ ಸೇರಿಕೊಂಡದ್ದು ಪ್ರಶ್ನೆಯಲ್ಲ, ಅಂಕ.

ಆದ್ದರಿಂದಲೇ ಇಂಥ ಶಾಲೆಗಳಲ್ಲಿ ಹುಡುಗರು ಒಟ್ಟಾಗಿ ಪಠಿಸುವ ಪನ್ಸಿಲ್, ಅಂದರೆ ಪಂಚಶೀಲ, ಪಠ್ಯದ ಪಾಠಕ್ಕಿಂತ ಹೆಚ್ಚಿನ ಗಮನಕ್ಕೆ ಅರ್ಹವಾಗಿದೆ. ಕೊಲ್ಲಬೇಡ, ಕದಿಯಬೇಡ ಎಂದು ಯಾರೋ ವಿಧಿಸಿದ ಆಜ್ಞೆಯ ಧಾಟಿ ಅದರಲ್ಲಿಲ್ಲ. ಕೊಲ್ಲುವುದರಿಂದ, ಕದಿಯುವುದರಿಂದ ದೂರವಿರುವ ಸಾಧನೆಯನ್ನು ಪಠಿಸುವವನು ತಾನಾಗಿಯೇ ಕೈಗೊಳ್ಳುತ್ತಾನೆ, ಮತ್ತು ನಿನ್ನೆ ಅದು ಕೆಟ್ಟಿದ್ದರೂ ಇಂದು ಮತ್ತೆ ಕೈಗೊಳ್ಳುತ್ತಾನೆ. 1918ರಲ್ಲಿ ಪ್ರಾಂಶುಪಾಲರಾದ ಪಿ. ಡಿ ಎಸ್. ಕುಲರತ್ನ ದೇಶೀಯ ಉಡುಪಿಗೆ ಮನ್ನಣೆ ತಂದುಕೊಟ್ಟದ್ದು ಎರವಲು ಅಚ್ಚನ್ನು ಒಳಗಿನಿಂದ ಬದಲಿಸುವ ಮುಖ್ಯ ಯತ್ನವಾದರೂ, ಉಡುಪು ಬದಲಾದ ಮಾತ್ರಕ್ಕೆ ಈ ಸ್ವಯಂಸಂಕಲ್ಪ ಗಟ್ಟಿಯಾಗುವುದಿಲ್ಲ. 1960ರ ದಶಕದ ಆರಂಭದಲ್ಲಿ ಸರ್ಕಾರ ಅನುದಾನಿತ ಶಾಲೆಗಳನ್ನು ವಹಿಸಿಕೊಂಡಾಗ ಆನಂದವೂ ಸರ್ಕಾರಿ ಶಾಲೆಯಾಯಿತು. ಬೌದ್ಧಧರ್ಮವು ಸರ್ಕಾರವೇ ಪರೀಕ್ಷಿಸುವ ವಿಷಯವಾಗಿರುವ ಇಂದಿನ ವ್ಯವಸ್ಥೆಯಲ್ಲಿ, ಹುಡುಗನೊಬ್ಬ ಪೂರ್ಣ ಅಂಕ ಪಡೆದೂ ಸೋಪಾಕನ ಉತ್ತರದಿಂದ ದೂರವೇ ಉಳಿಯಬಹುದೆಂಬ ಆತಂಕವನ್ನು ಯಾವ ಪಠ್ಯಕ್ರಮವೂ ಇನ್ನೂ ನಿವಾರಿಸಿಲ್ಲ.